ಟೈರೆಂಟ್ ಅಂದರೆ ಕೆಟ್ಟ ರಾಜ ಅಲ್ಲ

ಮೊನ್ನೆ ಮತ್ತೆ ಓದಿದೆ: ‘ಅಥೆನ್ಸಿನ ಕ್ರೂರ ರಾಜ ಪೈಸಿಸ್ಟ್ರಾಟಸ್’. ಅವನು ರಾಜನೂ ಅಲ್ಲ, ಕ್ರೂರಿ ಅಂತ ಹೆಸರಾದವನೂ ಅಲ್ಲ. ಟೈರೆಂಟ್ ಅನ್ನೋ ಪದ ಕಂಡ ತಕ್ಷಣ ‘ಕೆಟ್ಟ ರಾಜ’ ಅಂತ ಅನುವಾದಿಸುವ ಅಭ್ಯಾಸದಿಂದ ಆಗುವ ಎಡವಟ್ಟು ಇದು.

ಟೈರೆಂಟ್ ಪದ ಹುಟ್ಟಿದ್ದು ಗ್ರೀಕಿನ ‘ತುರನ್ನೊಸ್’ನಿಂದ. ಅದು ಮೂಲದಲ್ಲಿ ಗ್ರೀಕ್ ಪದವೇ ಅಲ್ಲ. ಏಷ್ಯಾ ಮೈನರ್ (ಈಗಿನ ಟರ್ಕಿ) ಕಡೆಯಿಂದ, ಬಹುಶಃ ಲಿಡಿಯಾದಿಂದ ಬಂದದ್ದು ಅಂತಾರೆ. ಇದೇ ಪದದಿಂದ ಬಂದ ‘ತುರನ್ನಿಸ್’, ಅಂದರೆ ತುರನ್ನೊಸ್‌ನ ಆಳ್ವಿಕೆ, ನಮಗೆ ಮೊದಲು ಸಿಗುವುದು ಕ್ರಿ.ಪೂ. 7ನೇ ಶತಮಾನದ ಕವಿ ಆರ್ಕಿಲೋಕಸ್‌ನಲ್ಲಿ. ಲಿಡಿಯಾದ ದೊರೆ ಗೈಗಿಸ್‌ನ ಚಿನ್ನವೂ ನನಗೆ ಬೇಡ, ದೊಡ್ಡ ತುರನ್ನಿಸ್ ಕೂಡ ಬೇಡ ಅನ್ನುತ್ತದೆ ಆ ಪದ್ಯ. ಜನ ಆಸೆಪಡುವಂಥದ್ದು ಅನ್ನುವ ಕಾರಣಕ್ಕೇ ‘ಬೇಡ’ ಅನ್ನೋ ಮಾತು ಬಂತು, ಅಲ್ವಾ? ಪದದಲ್ಲಿ ಇನ್ನೂ ಬೈಗುಳ ಸೇರಿರಲಿಲ್ಲ. ಈ ಗೈಗಿಸ್ ತನ್ನ ದೊರೆಯನ್ನೇ ಕೊಂದು ಗದ್ದುಗೆ ಹಿಡಿದವನು ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುತ್ತಾನೆ. ಆಗಿನ ತುರನ್ನೊಸ್‌ನ ಗುರುತೂ ಅದೇ. ಹೇಗೆ ಆಳಿದ ಅನ್ನೋದಲ್ಲ, ಅಧಿಕಾರಕ್ಕೆ ಹೇಗೆ ಬಂದ ಅನ್ನೋದು. ವಂಶದಿಂದ ಬಂದವನು ‘ಬಸಿಲೆಯುಸ್’, ಬಲದಿಂದಲೋ ಜಾಣತನದಿಂದಲೋ ಜನಬೆಂಬಲದಿಂದಲೋ ಹಿಡಿದವನು ತುರನ್ನೊಸ್.

ಇದು ಅರ್ಥವಾಗದೆ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಈಡಿಪಸ್ ತುರನ್ನೊಸ್’ ನಾಟಕ ಅರ್ಥವಾಗುವುದಿಲ್ಲ. ಲಂಕೇಶರು ಕನ್ನಡಕ್ಕೆ ತಂದಾಗ ‘ದೊರೆ ಈಡಿಪಸ್’ ಅಂದರು, ಸರಿಯಾಗೇ ಇದೆ. ಈಡಿಪಸ್ ಹೊರಗಿನಿಂದ ಬಂದು ಒಗಟು ಬಿಡಿಸಿ ಥೀಬ್ಸ್ ನಗರದ ಗದ್ದುಗೆ ಪಡೆದವನು. ಊರಿನ ಕಣ್ಣಿಗೆ ಅವನು ತುರನ್ನೊಸ್. ನಿಜದಲ್ಲಿ ಹಿಂದಿನ ರಾಜನ ಮಗ, ಅಂದರೆ ಹುಟ್ಟಿನಿಂದಲೇ ಬಸಿಲೆಯುಸ್, ಮತ್ತು ಆ ಹುಟ್ಟು ಗೊತ್ತಾದ ಕ್ಷಣವೇ, ತಾನು ಕೊಂದದ್ದು ತಂದೆಯನ್ನು, ಮದುವೆಯಾದದ್ದು ತಾಯಿಯನ್ನು ಅಂತ ತಿಳಿದು, ಅವನ ಬದುಕು ಕುಸಿಯುತ್ತದೆ. ಅದೇ ನಾಟಕದಲ್ಲಿ ಮೇಳದವರು ‘ಸೊಕ್ಕು ತುರನ್ನೊಸ್‌ನನ್ನು ಹುಟ್ಟಿಸುತ್ತದೆ’ ಅಂತ ಹಾಡುತ್ತಾರೆ. ಅಲ್ಲಿ ಪದ ಆಗಲೇ ಕೆಟ್ಟಿದೆ. ಹಳೆಯ ಅರ್ಥ, ಹೊಸ ಅರ್ಥ ಎರಡೂ ಒಂದೇ ನಾಟಕದಲ್ಲಿವೆ.

ಹೊಸ ಅರ್ಥ ಗಟ್ಟಿಯಾದದ್ದು ತತ್ತ್ವಜ್ಞಾನಿಗಳ ಕೈಯಲ್ಲಿ. ಜನ ಒಪ್ಪಿದ, ಕಾನೂನಿನಂತೆ ನಡೆಯುವ ಆಳ್ವಿಕೆ ರಾಜತ್ವ. ಜನ ಒಪ್ಪದ, ಆಳುವವನ ಮನಸ್ಸಿಗೆ ಬಂದಂತೆ ನಡೆಯುವುದು ತುರನ್ನಿಸ್ ಎಂದು ಸಾಕ್ರಟಿಸ್ ಭಾವಿಸಿದ್ದನಂತೆ. ಇದನ್ನು ಬರೆದಿಟ್ಟವನು ಅವನ ಶಿಷ್ಯ ಕ್ಸೆನೊಫೊನ್. ಅರಿಸ್ಟಾಟಲ್‌ಗೆ ಒಬ್ಬನ ಆಳ್ವಿಕೆ ಆಳುವವನ ಲಾಭಕ್ಕೇ ನಡೆದರೆ ಅದು ತುರನ್ನಿಸ್. ಪ್ಲೇಟೊ ಅಂತೂ ರಾಜನ ಬದುಕು ಟೈರೆಂಟ್‌ನ ಬದುಕಿಗಿಂತ 729 ಪಟ್ಟು ಸುಖದ್ದು ಅಂತ ಲೆಕ್ಕವನ್ನೇ ಹಾಕಿಬಿಟ್ಟ.

ಕನ್ನಡದ ‘ನಿರಂಕುಶ’ ಈ ಎರಡನೇ ಅರ್ಥಕ್ಕೆ ಚೆನ್ನಾಗಿ ಹೊಂದುತ್ತದೆ. ಅಂಕುಶವಿಲ್ಲದ ಆನೆ, ಕಾನೂನಿಲ್ಲದ ದೊರೆ. ಆದರೆ ಪೈಸಿಸ್ಟ್ರಾಟಸ್‌ಗೆ ಹೊಂದುವುದಿಲ್ಲ. ಮೊದಲ ಸಲ ಅಧಿಕಾರ ಹಿಡಿದಾಗ ಅವನು ಇದ್ದ ಹುದ್ದೆಗಳನ್ನು ಕದಲಿಸಲಿಲ್ಲ, ಕಾನೂನು ಬದಲಿಸಲಿಲ್ಲ, ಊರನ್ನು ಚೆನ್ನಾಗಿ ನಡೆಸಿದ ಅಂತ ಹೆರೊಡೊಟಸ್ಸೇ ಹೇಳುತ್ತಾನೆ. ಒಮ್ಮೆ ಅಥೆನ್ಸ್ ಬಳಿಯ ಹೈಮೆಟಸ್ ಬೆಟ್ಟದಲ್ಲಿ ಬರೀ ಕಲ್ಲು ಅಗೆಯುತ್ತಿದ್ದ ರೈತನನ್ನು ‘ಇಲ್ಲಿ ಏನು ಬೆಳೆಯುತ್ತೀಯ’ ಅಂತ ಕೇಳಿಸಿದನಂತೆ. ‘ಮೈನೋವು, ಕಷ್ಟ. ಅದರಲ್ಲೂ ಹತ್ತರಲ್ಲೊಂದು ಪಾಲು ಪೈಸಿಸ್ಟ್ರಾಟಸ್‌ಗೆ ಹೋಗಬೇಕು’ ಅಂದ ರೈತ, ಯಾರು ಕೇಳುತ್ತಿದ್ದಾರೆ ಅಂತ ಗೊತ್ತಿಲ್ಲದೆ. ಅವನಿಗೆ ತೆರಿಗೆಯನ್ನೇ ಮಾಫಿ ಮಾಡಿದರು. ಕಾಠಿಣ್ಯ ಜಾಸ್ತಿಯಾದದ್ದು ಮಗ ಹಿಪ್ಪಿಯಾಸ್‌ನ ಕಾಲದಲ್ಲಿ, ಕ್ರಿ.ಪೂ. 514ರಲ್ಲಿ ತಮ್ಮ ಹಿಪ್ಪಾರ್ಕಸ್‌ನ ಕೊಲೆಯಾದ ಮೇಲೆ.

ಇನ್ನೊಂದು ಗುರುತು ಅರಿಸ್ಟಾಟಲ್ ಕೊಡುತ್ತಾನೆ, ನನಗೆ ಅದೇ ಹೆಚ್ಚು ಇಷ್ಟ: ರಾಜನನ್ನು ಕಾಯುವವರು ಊರಿನವರು, ಟೈರೆಂಟ್‌ನನ್ನು ಕಾಯುವವರು ಹೊರಗಿನ ಕೂಲಿ ಸೈನಿಕರು. ಪೈಸಿಸ್ಟ್ರಾಟಸ್‌ಗೆ ಮೊದಲ ಸಲ ದೊಣ್ಣೆ ಹಿಡಿದ ಕಾವಲುಗಾರರನ್ನು ಕೊಟ್ಟವರು ಅಥೆನ್ಸಿನ ಜನರೇ, ತಮ್ಮೊಳಗಿಂದಲೇ ಆರಿಸಿ. ಎರಡು ಸಲ ಅಧಿಕಾರ ಕಳೆದುಕೊಂಡು ಮೂರನೇ ಸಲ ಬಂದಾಗ ಅವನು ಬೇರೂರಿದ್ದು ಕೂಲಿ ಸೈನಿಕರ ಬಲದಿಂದ.