ಮಾಲ್ ಮೆನಿಂಗಾ: ಆಟಗಾರ, ತರಬೇತುದಾರ ಮತ್ತು 1980ರ ಆಯ್ಕೆ ನಿಯಮ

ಮಾಲ್ ಮೆನಿಂಗಾ ಅವರ ವೃತ್ತಿಜೀವನವನ್ನು ಅಧ್ಯಯನ ಮಾಡುವವರು ಅವರ ಪ್ರಶಸ್ತಿಗಳ ಪಟ್ಟಿಗಿಂತ ಮೊದಲು, 1980ರಲ್ಲಿ ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಲ್ಲಿ (ತಂಡಕ್ಕೆ 13 ಆಟಗಾರರಿರುವ ರಗ್ಬಿಯ ಒಂದು ಬಗೆ) ಬದಲಾದ ಒಂದು ಆಯ್ಕೆ ನಿಯಮವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅಲ್ಲಿಯವರೆಗೆ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ಪಂದ್ಯಗಳಿಗೆ ಆಟಗಾರನನ್ನು ಅವನು ಆಗ ಆಡುತ್ತಿದ್ದ ಕ್ಲಬ್ ಯಾವ ರಾಜ್ಯದಲ್ಲಿದೆ ಎಂಬುದರ ಮೇಲೆ ಆರಿಸುತ್ತಿದ್ದರು. ಸಿಡ್ನಿಯ ಕ್ಲಬ್‌ಗಳ ಬಳಿ ಹಣವಿದ್ದುದರಿಂದ ಕ್ವೀನ್ಸ್‌ಲ್ಯಾಂಡ್‌ನ ಉತ್ತಮ ಆಟಗಾರರು ಅಲ್ಲಿಗೆ ಹೋಗಿ, ಬಳಿಕ ತಮ್ಮ ತವರಿನ ವಿರುದ್ಧವೇ ಕಣಕ್ಕಿಳಿಯುತ್ತಿದ್ದರು. ಹುಬ್ಬಳ್ಳಿಯಲ್ಲಿ ಆಡಿ ಬೆಳೆದವನೊಬ್ಬ ನೌಕರಿಗೆಂದು ಮುಂಬೈ ಸೇರಿ, ರಣಜಿಯಲ್ಲಿ ಕರ್ನಾಟಕದ ವಿರುದ್ಧ ಬ್ಯಾಟು ಹಿಡಿದಂತೆ ಇದು. 1980ರ ಸರಣಿಯ ಮೂರನೆಯ ಪಂದ್ಯದಲ್ಲಿ ಮೊದಲ ಬಾರಿಗೆ ಆಟಗಾರರನ್ನು ತವರು ರಾಜ್ಯದ ಆಧಾರದಲ್ಲಿ ಆರಿಸಲಾಯಿತು. ಇದೇ ‘ಸ್ಟೇಟ್ ಆಫ್ ಆರಿಜಿನ್’ನ ಆರಂಭ. ಮೂರೂ ಪಂದ್ಯಗಳಿಗೆ ಈ ನಿಯಮ ಅನ್ವಯವಾದದ್ದು 1982ರಿಂದ.

ಆ ಮೊದಲ ಪಂದ್ಯ ನಡೆದದ್ದು 1980ರ ಜುಲೈ 8ರಂದು, ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್‌ನಲ್ಲಿ. ಬಂಡಬರ್ಗ್‌ನಲ್ಲಿ ಹುಟ್ಟಿದ ಮೆನಿಂಗಾ ಅವರಿಗೆ ಅಂದೇ 20 ವರ್ಷ ತುಂಬಿತ್ತು. ಹಿಂದೆ ನ್ಯೂ ಸೌತ್ ವೇಲ್ಸ್ ಪರ ಆಡಿದ್ದ ಕ್ವೀನ್ಸ್‌ಲ್ಯಾಂಡ್‌ನವರಾದ ಆರ್ಥರ್ ಬೀಟ್ಸನ್ ಅಂದು ತವರಿನ ನಾಯಕರಾಗಿದ್ದರು. ಕ್ವೀನ್ಸ್‌ಲ್ಯಾಂಡ್ 20-10ರಿಂದ ಗೆದ್ದಿತು. ಮೆನಿಂಗಾ ಏಳಕ್ಕೆ ಏಳೂ ಗೋಲುಗಳನ್ನು (ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಚೆಂಡು ದಾಟಿಸುವ ಒದೆತ) ಒದ್ದರು.

ಓದುವವರಿಗೆ ಲೆಕ್ಕ ತಪ್ಪುವುದು ಇಲ್ಲಿಯೇ, ಆದ್ದರಿಂದ ಇದನ್ನು ಬಿಡಿಸಿ ನೋಡೋಣ. ಒಂದು ಗೋಲಿಗೆ 2 ಅಂಕ. ಏಳು ಗೋಲಿಗೆ 14. ಕ್ವೀನ್ಸ್‌ಲ್ಯಾಂಡ್ ಗಳಿಸಿದ ಟ್ರೈಗಳು (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸುವುದು) ಎರಡು, ಕೆರಿ ಬೌಸ್ಟೆಡ್ ಮತ್ತು ಕ್ರಿಸ್ ಕ್ಲೋಸ್ ಅವರವು. ಇಂದಿನಂತೆ ಟ್ರೈಗೆ 4 ಅಂಕ ಹಾಕಿದರೆ ಮೊತ್ತ 22 ಆಗುತ್ತದೆ, ದಾಖಲೆಯಲ್ಲಿ ಮಾತ್ರ 20 ಇದೆ. ಕಾರಣವಿಷ್ಟೇ: ಆಗ ಟ್ರೈಗೆ 3 ಅಂಕ ಮಾತ್ರ, 4 ಅಂಕದ ನಿಯಮ ಬಂದದ್ದು 1983ರಲ್ಲಿ. ಹಾಗಾಗಿ 14ಕ್ಕೆ 6 ಸೇರಿ 20. ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಟ್ರೈ ಆದ ಮೇಲೆ ಸಿಗುವ ಕನ್ವರ್ಷನ್ (ಗೋಲು ಒದೆಯುವ) ಅವಕಾಶ ಟ್ರೈಗೊಂದರಂತೆ ಎರಡೇ. ಉಳಿದ ಐದು ಗೋಲುಗಳು ಎದುರಾಳಿಯ ತಪ್ಪಿಗೆ ದೊರೆತ ಪೆನಾಲ್ಟಿಗಳಿಂದ ಬಂದವು. ಹಳೆಯ ಪಂದ್ಯಗಳ ಅಂಕಗಳನ್ನು ಓದುವಾಗ ಮೊದಲು ಇಸವಿಯನ್ನು ನೋಡಿ, 1983ಕ್ಕೆ ಹಿಂದಿನದೋ ಮುಂದಿನದೋ ಎಂದು ಗುರುತಿಸಿಕೊಂಡರೆ ಮುಂದಿನ ದಾರಿ ಸಲೀಸು.

ಕ್ಲಬ್ ಮಟ್ಟದ ವಿವರಗಳು ನೇರವಾಗಿವೆ. ಪೊಲೀಸ್ ಅಕಾಡೆಮಿಯಲ್ಲಿ ಅವರನ್ನು ಗುರುತಿಸಿದ ತರಬೇತುದಾರ ವೇಯ್ನ್ ಬೆನೆಟ್ ಅವರ ಪ್ರಭಾವದಲ್ಲಿ ಬೆಳೆದ ಮೆನಿಂಗಾ, ಬ್ರಿಸ್ಬೇನ್‌ನ ಸೌತ್ಸ್ ತಂಡದಿಂದ 1986ರಲ್ಲಿ ಕ್ಯಾನ್‌ಬೆರಾ ರೈಡರ್ಸ್‌ಗೆ ಬಂದರು. ತೋಳಿನ ಮೂಳೆ ಪದೇ ಪದೇ ಮುರಿದರೂ ಮರಳಿ ನಿಂತು, 1989, 1990 ಮತ್ತು 1994ರಲ್ಲಿ ನಾಯಕರಾಗಿ ಅಗ್ರ ಕ್ಲಬ್ ಲೀಗ್‌ನ ಪ್ರಶಸ್ತಿ ಗೆದ್ದರು. 1989ರಲ್ಲಿ ಬಾಲ್ಮೈನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 19-14ರಿಂದ ಬಂದ ಗೆಲುವಿನಿಂದ ಆ ಪ್ರಶಸ್ತಿ ಮೊದಲ ಬಾರಿಗೆ ಸಿಡ್ನಿಯ ಆಚೆ ಹೋಯಿತು. ಆಸ್ಟ್ರೇಲಿಯಾ ತಂಡದೊಂದಿಗೆ 1982, 1986, 1990, 1994ರಲ್ಲಿ ನಾಲ್ಕು ಕಾಂಗರೂ ಪ್ರವಾಸಗಳನ್ನು (ರಾಷ್ಟ್ರೀಯ ತಂಡದ ಬ್ರಿಟನ್ ಮತ್ತು ಫ್ರಾನ್ಸ್ ಪ್ರವಾಸ) ಕೈಗೊಂಡ ಅವರು ಕೊನೆಯ ಎರಡರಲ್ಲಿ ನಾಯಕರಾಗಿದ್ದರು. 1990ರಲ್ಲಿ ಓಲ್ಡ್ ಟ್ರಾಫರ್ಡ್‌ನ ಗ್ರೇಟ್ ಬ್ರಿಟನ್ ವಿರುದ್ಧದ ಎರಡನೆಯ ಟೆಸ್ಟ್ 10-10ರಲ್ಲಿ ಮುಗಿಯುವಂತಿದ್ದಾಗ, ಸಹ ಆಟಗಾರ ರಿಕಿ ಸ್ಟುವರ್ಟ್ ತಮ್ಮ ಪಾಳೆಯದಿಂದ ಚೆಂಡು ಹೊತ್ತು ಓಡಿ ಬಂದರು. ಅವರ ಬೆನ್ನಿಗೇ ಓಡಿಬಂದ ಮೆನಿಂಗಾ ಚೆಂಡು ಪಡೆದು ಟ್ರೈ ಗಳಿಸಿದರು. ಮೊದಲ ಟೆಸ್ಟ್ ಸೋತಾಗಿತ್ತು, ಇದನ್ನೂ ಸೋತಿದ್ದರೆ ಸರಣಿಯೇ ಕೈತಪ್ಪುತ್ತಿತ್ತು.

ತರಬೇತುದಾರರಾಗಿ ಅವರ ಕಥೆಯಲ್ಲಿ ಎರಡು ಭಾಗಗಳಿವೆ, ಅವುಗಳನ್ನು ಬೆರೆಸಬಾರದು. 1997ರಿಂದ 2001ರವರೆಗೆ ಕ್ಯಾನ್‌ಬೆರಾ ಕ್ಲಬ್‌ಗೆ ತರಬೇತಿ ನೀಡಿದಾಗ ತಂಡ ಒಮ್ಮೆಯೂ ಅಂತಿಮ ಪಂದ್ಯ ತಲುಪಲಿಲ್ಲ. 2006ರಲ್ಲಿ, ಸತತ ಮೂರು ಸರಣಿ ಸೋತಿದ್ದ ಕ್ವೀನ್ಸ್‌ಲ್ಯಾಂಡ್ ಅವರ ಕೈಗೆ ಬಂತು. 2013ರವರೆಗೆ ಸತತ ಎಂಟು ಸರಣಿ ಗೆದ್ದಿತು. 2014ರಲ್ಲಿ ಸೋತು, 2015ರಲ್ಲಿ ಮತ್ತೆ ಗೆದ್ದಾಗ ಕೊನೆಯ ಪಂದ್ಯದ ಅಂಕ 52-6. ಡ್ಯಾರೆನ್ ಲಾಕಿಯರ್, ಕ್ಯಾಮರನ್ ಸ್ಮಿತ್, ಜೊನಾಥನ್ ಥರ್ಸ್ಟನ್, ಬಿಲ್ಲಿ ಸ್ಲೇಟರ್‌ರಂಥವರು ತಂಡದಲ್ಲಿದ್ದರೆ ಯಾರಾದರೂ ಗೆಲ್ಲುತ್ತಿದ್ದರು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ರಾಜ್ಯ ತಂಡದ ತರಬೇತುದಾರನಿಗೆ ಆಟಗಾರರು ಸಿಗುವುದು ಪಂದ್ಯಕ್ಕೆ ಮೊದಲು ಕೆಲವೇ ದಿನ. ಅಷ್ಟರಲ್ಲಿ ಹೊಸ ಕೌಶಲ ಕಲಿಸಲಾಗದು, ಬೇರೆ ಬೇರೆ ಕ್ಲಬ್‌ಗಳಲ್ಲಿ ಎದುರಾಳಿಗಳಾಗಿ ಆಡುವವರನ್ನು ಒಂದೇ ನೆಲದವರೆಂಬ ಅಭಿಮಾನದಲ್ಲಿ ಕಟ್ಟಬೇಕಾಗುತ್ತದೆ. ಮೊದಲ ಆರಿಜಿನ್ ಪಂದ್ಯವನ್ನೇ ಆಡಿದ್ದ ಮೆನಿಂಗಾ ಅವರಿಗೆ ಆ ಮಾತನ್ನಾಡುವ ಅಧಿಕಾರ ತಾನಾಗಿ ಇತ್ತು.

ಮುಂದೆ ಆಸ್ಟ್ರೇಲಿಯಾದ ತರಬೇತುದಾರರಾಗಿ ಎರಡು ವಿಶ್ವಕಪ್ ಗೆದ್ದರು: 2017ರಲ್ಲಿ ಇಂಗ್ಲೆಂಡ್ ವಿರುದ್ಧ 6-0, ನಂತರ ಸಮೋವಾ ವಿರುದ್ಧ 30-10. ಎರಡನೆಯದು ಹೆಸರಿಗೆ 2021ರ ವಿಶ್ವಕಪ್, ಕೊರೊನಾದಿಂದಾಗಿ ನಡೆದದ್ದು 2022ರಲ್ಲಿ. ಟಿಪ್ಪಣಿಯಲ್ಲಿ ಎರಡೂ ಇಸವಿಗಳನ್ನು ಬರೆದುಕೊಳ್ಳಿ. 2018ರಲ್ಲಿ ಅವರಿಗೆ ಸಂದ ‘ಇಮ್ಮಾರ್ಟಲ್’ (ಆಸ್ಟ್ರೇಲಿಯಾದ ರಗ್ಬಿ ಲೀಗ್‌ನ ಅತ್ಯುನ್ನತ ಮನ್ನಣೆ) ಗೌರವಕ್ಕೆ ಆಟಗಾರನಾಗಿ ಮಾಡಿದ ಸಾಧನೆಯನ್ನಷ್ಟೇ ಪರಿಗಣಿಸುತ್ತಾರೆ. ತರಬೇತುದಾರರಾಗಿ ಗೆದ್ದ ಸರಣಿಗಳು ಆ ಲೆಕ್ಕಕ್ಕೆ ಸೇರುವುದಿಲ್ಲ.