ಕೈಯಲ್ಲಿ ಬೆಸೆದ ಸೈಕಲ್ಲು: ಹಳೇ ಸ್ಟೀಲನ್ನು ಉಳಿಸುವ ವಿಜ್ಞಾನ

ನಲವತ್ತು ವರ್ಷ ಹಳೆಯ ಸ್ಟೀಲ್ ಮೌಂಟನ್ ಬೈಕ್ ಒಂದು ಕೈಗೆ ಸಿಕ್ಕಿದರೆ, ಅನುಭವ ಇರುವವರು ಮೊದಲು ಅದರ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ. ಬಣ್ಣ, ಬ್ರೇಕು, ಗೇರು ಎಲ್ಲ ಆಮೇಲೆ. ಸೀಟಿನ ಕೆಳಗಿನ ಅಲ್ಯೂಮಿನಿಯಂ ಪೋಸ್ಟ್ ಫ್ರೇಮಿನೊಳಗೆ ಸ್ವಲ್ಪ ತಿರುಗಿತು ಅಂದರೆ ದೊಡ್ಡ ಕಷ್ಟವೊಂದು ಕಳೆದಂತೆ. ಜಪ್ಪಯ್ಯ ಅಂದರೂ ಅಲುಗಾಡದಿದ್ದರೆ, ಉಳಿದ ಕೆಲಸವೆಲ್ಲ ಅಲ್ಲೇ ನಿಲ್ಲುತ್ತದೆ.

ಇಂಥ ಸೈಕಲ್ಲುಗಳ ತವರು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸಿಗುವ ಬೆಟ್ಟದ ಸೀಮೆ. 1970ರ ದಶಕದಲ್ಲಿ ಅಲ್ಲಿನ ಹುಡುಗರು ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್ಲುಗಳನ್ನು ಹುಡುಕಿ ತಂದು ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಫೇರ್‌ಫ್ಯಾಕ್ಸ್ ಊರಿನ ಹತ್ತಿರ, ರಿಪ್ಯಾಕ್ ಎಂಬ ಇಳಿಜಾರಿನಲ್ಲಿ 1976ರಿಂದ ರೇಸೂ ಶುರುವಾಯಿತು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಹಳೇ ಫ್ರೇಮುಗಳೂ ಒಂದೊಂದಾಗಿ ಮುರಿಯತೊಡಗಿದವು.

1977ರಲ್ಲಿ ಜೋ ಬ್ರೀಜ್ ಎಂಬ ಯುವಕ ಬೆಟ್ಟಕ್ಕೆಂದೇ ಹೊಸದಾಗಿ ಫ್ರೇಮ್ ಕಟ್ಟಿದರು. ಮೊದಲ ಸುತ್ತಿನಲ್ಲಿ ಮಾಡಿದ್ದು ಬರೀ 10. ಅಲ್ಲಿಂದ ದಕ್ಷಿಣಕ್ಕೆ ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಿಂದ ಸೈಕಲ್ಲಾಗಿ ಜೋಡಿಸಿ ಮಾರಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಜಪಾನಿನ ಕಾರ್ಖಾನೆಯಿಂದ ಬಂತು. ಅಲ್ಲಿಗೆ ಮೌಂಟನ್ ಬೈಕ್ ಎಲ್ಲರ ಕೈಗೂ ಸಿಗುವ ವಸ್ತುವಾಯಿತು. ಆದರೂ ಸ್ಟೀವ್ ಪಾಟ್ಸ್ ತರಹದವರು ಸಣ್ಣ ವರ್ಕ್‌ಶಾಪಿನಲ್ಲಿ ಒಂದೊಂದೇ ಫ್ರೇಮ್ ಬೆಸೆಯುತ್ತಾ ಹೋದರು. ಇವತ್ತು ಜನ ಪ್ರೀತಿಯಿಂದ ರಿಪೇರಿ ಮಾಡಿಸುವುದು ಇಂಥ ಫ್ರೇಮುಗಳನ್ನೇ.

ಈಗ ಆ ಕಚ್ಚಿಕೊಂಡ ಪೋಸ್ಟಿನ ವಿಷಯ. ಸ್ಟೀಲ್ ಕೊಳವೆಯೊಳಗೆ ಅಲ್ಯೂಮಿನಿಯಂ ಕೊಳವೆ ಇದೆ. ನಡುವೆ ಮಳೆನೀರೋ, ಬೆವರಿನ ಉಪ್ಪೋ ಇಳಿದರೆ ಸಾಕು, ಅದೊಂದು ಪುಟ್ಟ ಬ್ಯಾಟರಿ. ಎರಡು ಲೋಹಗಳಲ್ಲಿ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವುದು ಅಲ್ಯೂಮಿನಿಯಂ. ಹಾಗಾಗಿ ಸವೆಯುವುದೂ ಅದೇ. ಸವೆದು ಬರುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಸಂದಿಯಲ್ಲಿ ಜಾಗವೇ ಇಲ್ಲ, ಅಲ್ವಾ? ಪುಡಿ ಒತ್ತಿ ಒತ್ತಿ ಎರಡೂ ಕೊಳವೆ ಬಿಗಿದು ನಿಲ್ಲುತ್ತವೆ.

ಇಲ್ಲಿ ತುಂಬಾ ಜನ ಬೆಂಕಿ ತೋರಿಸಲು ಹೋಗುತ್ತಾರೆ. ಅದು ತಿರುಗುಮುರುಗು ಕೆಲಸ. ಒಂದೇ ಪ್ರಮಾಣದ ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಸ್ಟೀಲಿನ ಹೆಚ್ಚುಕಡಿಮೆ ಎರಡರಷ್ಟು. ಎರಡೂ ಕಾದರೆ ಒಳಗಿನ ಪೋಸ್ಟ್ ಇನ್ನಷ್ಟು ಬಿಗಿಯಾಗುತ್ತದೆ. ತಂಪು ಮಾಡಿದರೆ ಲೆಕ್ಕ ನಮ್ಮ ಕಡೆಗೆ ತಿರುಗುತ್ತದೆ. ಪೋಸ್ಟಿನ ಒಳಗೆ ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್, ತುಂಬಿ ಅದನ್ನು 100 ಡಿಗ್ರಿ ತಣಿಸಿದೆವು ಅಂದುಕೊಳ್ಳಿ. 27 ಮಿ.ಮೀ. ಅಗಲದ ಪೋಸ್ಟ್ ಸುಮಾರು 0.06 ಮಿ.ಮೀ. ಕುಗ್ಗುತ್ತದೆ. ಕೂದಲಿನಷ್ಟೂ ದಪ್ಪ ಇಲ್ಲದ ಸಂದಿ. ಪುಡಿಯ ಹಿಡಿತ ಬಿಡಿಸಲು ಎಷ್ಟೋ ಸಲ ಅಷ್ಟು ಸಾಕು.

ಅದಕ್ಕೂ ಬಗ್ಗದಿದ್ದರೆ ಕಾಸ್ಟಿಕ್ ಸೋಡಾ. ಅದರ ದ್ರಾವಣ ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ, ಸ್ಟೀಲಿನ ತಂಟೆಗೆ ಹೋಗುವುದಿಲ್ಲ. ಪೋಸ್ಟ್ ಹೋದರೂ ಫ್ರೇಮ್ ಉಳಿಯುತ್ತದೆ. ಆದರೆ ಈ ಕ್ರಿಯೆಯಲ್ಲಿ ಬಿಸಿ ಏಳುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಬರುತ್ತದೆ. ದ್ರಾವಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು, ತಾಗಿದ ಕಡೆ ಬಣ್ಣವೂ ಎದ್ದು ಬರುತ್ತದೆ. ಬಯಲಿನಲ್ಲಿ, ಕೈಗವಸು ಕನ್ನಡಕ ಹಾಕಿಕೊಂಡು, ಗೊತ್ತಿರುವವರು ಮಾತ್ರ ಮಾಡಬೇಕಾದ ಕೆಲಸ ಇದು. ನನ್ನ ಮಾತು ಕೇಳುವುದಾದರೆ, ಡ್ರೈ ಐಸನ್ನೇ ಇನ್ನೆರಡು ಸಲ ತಾಳ್ಮೆಯಿಂದ ಪ್ರಯತ್ನಿಸಿ.

ಇಷ್ಟೆಲ್ಲ ಕಷ್ಟಪಟ್ಟು ಫ್ರೇಮ್ ಉಳಿಸುವುದು ಯಾಕೆ? ಅದರ ಕೀಲುಗಳನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಎರಡು ಕೊಳವೆ ಸೇರುವ ಕಡೆ ಮೂಲೆಯೇ ಕಾಣುವುದಿಲ್ಲ. ಒಂದರ ಮೈ ಮೆತ್ತಗೆ ಬಾಗಿ ಇನ್ನೊಂದರ ಮೈಗೆ ಸೇರಿಹೋಗಿರುತ್ತದೆ. ಬಣ್ಣ ಕಿತ್ತುಬಂದ ಕಡೆ ಹಳದಿ ಇಣುಕುತ್ತದೆ. ಅದು ಹಿತ್ತಾಳೆ. ಕೆಲಸಗಾರ ಗ್ಯಾಸ್ ಬೆಂಕಿಯಲ್ಲಿ ಕೊಳವೆಗಳನ್ನು ಕೆಂಪಗೆ ಕಾಯಿಸಿ, ಸುಮಾರು 900 ಡಿಗ್ರಿಯಲ್ಲಿ ಹಿತ್ತಾಳೆ ಕಡ್ಡಿಯನ್ನು ಕರಗಿಸಿ, ಕೀಲಿನ ಸುತ್ತ ಹರಿಸಿ ಗುಡ್ಡೆ ಕಟ್ಟಿರುತ್ತಾನೆ. ಆಮೇಲೆ ಗಂಟೆಗಟ್ಟಲೆ ಅರ ಹಾಕಿ ಉಜ್ಜಿ ನಯ ಮಾಡಿರುತ್ತಾನೆ. ಕಾದ ಸ್ಟೀಲಿಗೆ ಗಾಳಿ ತಾಗಿದರೆ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಅದರ ಮೇಲೆ ಹಿತ್ತಾಳೆ ಹರಡುವುದಿಲ್ಲ. ಅದನ್ನು ತಡೆಯುವ ಫ್ಲಕ್ಸಿನಲ್ಲಿ ಮುಖ್ಯವಾಗಿ ಇರುವುದು ನಮ್ಮ ಅಕ್ಕಸಾಲಿಗರು ಬೆಸುಗೆಗೆ ಹಚ್ಚುವ ಬಿಳಿಗಾರವೇ.

ಈ ವಿಧಾನದ ಗುಟ್ಟು ಉಷ್ಣತೆಯಲ್ಲಿದೆ. ಈ ಕೊಳವೆಗಳ ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಸ್ಟೀಲ್ ಕರಗಲು 1400 ಡಿಗ್ರಿಗೂ ಜಾಸ್ತಿ ಬೇಕು. ಹಿತ್ತಾಳೆ ಬೆಸುಗೆಯಲ್ಲಿ ಕೊಳವೆ ಕರಗುವುದೇ ಇಲ್ಲ. ಇದು ತುಂಬಾ ಮುಖ್ಯ, ಯಾಕೆಂದರೆ ಕೊಳವೆಯ ಗೋಡೆ ತುದಿಗಳಲ್ಲಿ 0.9 ಮಿ.ಮೀ. ಇದ್ದರೆ ನಡುವೆ 0.6 ಮಾತ್ರ ಇರಬಹುದು. ಬೆರಳಿನ ಉಗುರಿನಿಂದ ಟಿಣ್ ಟಿಣ್ ಅಂತ ತಟ್ಟುತ್ತಾ ಹೋದರೆ, ದಪ್ಪ ಮುಗಿದು ತೆಳು ಶುರುವಾಗುವ ಕಡೆ ದನಿ ಬದಲಾಗುವುದು ಕೇಳುತ್ತದೆ. ಅಷ್ಟು ತೆಳುವಾದರೂ ಗಟ್ಟಿ ಇರುವುದು ಅಗಲದಿಂದ. ಗೋಡೆಯ ದಪ್ಪ ಅಷ್ಟೇ ಇಟ್ಟು ಕೊಳವೆಯ ಅಗಲವನ್ನು 28.6ರಿಂದ 31.8 ಮಿ.ಮೀ.ಗೆ ಏರಿಸಿದರೆ, ಅದು ಬಾಗದೆ ನಿಲ್ಲುವ ಶಕ್ತಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರುತ್ತದೆ. ರಸ್ತೆ ಸೈಕಲ್ಲಿನ ಕೀಲಿಗೆ ಹಾಕುವ ರೆಡಿಮೇಡ್ ಲಗ್ಗುಗಳು, ಅಂದರೆ ಕೊಳವೆಯ ತುದಿ ತೂರಿಸುವ ಲೋಹದ ತೋಳುಗಳು, ಅಗಲ ಕೊಳವೆಗೂ ಹೊಂದುತ್ತಿರಲಿಲ್ಲ, ಬೆಟ್ಟದ ಸೈಕಲ್ಲಿಗೆ ಬೇಕಾದ ಕೋನಕ್ಕೂ ಹೊಂದುತ್ತಿರಲಿಲ್ಲ. ಹಿತ್ತಾಳೆಗೆ ಆ ಕಟ್ಟುಪಾಡು ಇಲ್ಲ, ಯಾವ ಕೋನಕ್ಕಾದರೂ ಕೂರುತ್ತದೆ.

ರಿಪೇರಿಗೂ ಇದೇ ಗುಣ ನೆರವಾಗುತ್ತದೆ. ಒಂದು ಕೊಳವೆ ಹಾಳಾದರೆ ಕೀಲನ್ನು ಮತ್ತೆ ಕಾಯಿಸಿ, ಹಿತ್ತಾಳೆ ಕರಗಿಸಿ, ಅದನ್ನು ಬಿಡಿಸಿ ಹೊಸದು ಕೂರಿಸಬಹುದು. ಹಿತ್ತಾಳೆ ಇರುವ ಕಡೆ ಆರ್ಕ್ ವೆಲ್ಡಿಂಗ್ ಮಾತ್ರ ಬೇಡವೇ ಬೇಡ. ಸ್ಟೀಲ್ ಕರಗುವ ಬಿಸಿಯಲ್ಲಿ ಹಿತ್ತಾಳೆಯ ತಾಮ್ರ ಸ್ಟೀಲಿನ ಕಣಗಳ ನಡುವೆ ನುಗ್ಗಿ ಬಿರುಕು ತರುತ್ತದೆ. ಸುಮ್ನೆ ಒಂದು ಟ್ಯಾಕ್, ಅಂದರೆ ಚುಕ್ಕೆಯಷ್ಟು ವೆಲ್ಡಿಂಗ್, ಹಾಕೋಣ ಅನ್ನುವ ಆಸೆಗೆ ಒಳ್ಳೊಳ್ಳೆ ಫ್ರೇಮುಗಳು ಬಲಿಯಾಗುತ್ತವೆ.

ಕೊಳವೆ ಹಾಳಾಗಿದೆಯಾ ಅಂತ ತಿಳಿಯಲು ಬೆರಳೇ ಒಳ್ಳೆಯ ಸಾಧನ. ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆಯಿಂದ ಪೆಡಲಿನ ಕಡೆಗೆ ಇಳಿಯುವ ಕೊಳವೆ ಇದೆಯಲ್ಲ, ಅದರ ಹೊಟ್ಟೆಯ ಮೇಲೆ ಬೆರಳು ಎಳೆಯಿರಿ. ಸೈಕಲ್ಲು ಹಿಂದೆಂದೋ ಎದುರಿಗೆ ಗುದ್ದಿದ್ದರೆ, ಕೀಲಿನಿಂದ ಒಂದೆರಡು ಅಂಗುಲ ಹಿಂದೆ ಸಣ್ಣ ಉಬ್ಬು ಸಿಗುತ್ತದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಅಲ್ಲಿ ಬಣ್ಣದಲ್ಲಿ ಕೂದಲೆಳೆಯ ಗೆರೆ ಇದ್ದರೆ ಬಿರುಕಿನ ಗುಮಾನಿ ಪಡಬೇಕು. ಉಬ್ಬಿಲ್ಲ, ಬಿರುಕಿಲ್ಲ ಅಂದರೆ ವಯಸ್ಸಿಗೆ ಹೆದರಬೇಕಾಗಿಲ್ಲ. ಸ್ಟೀಲಿಗೆ ಆಯಾಸದ ಒಂದು ಮಿತಿ ಇದೆ. ಆ ಮಿತಿಗಿಂತ ಕಡಿಮೆ ಒತ್ತಡ ಲಕ್ಷಾಂತರ ಸಲ ಬಿದ್ದರೂ ಅದು ಮುರಿಯುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಅದಕ್ಕೇ ಕೈಯಲ್ಲಿ ಕಟ್ಟಿದ ಹಳೇ ಸ್ಟೀಲ್ ಫ್ರೇಮನ್ನು ಧೈರ್ಯವಾಗಿ ತುಳಿಯಬಹುದು, ಅದೇ ಕಾಲದ ಅಲ್ಯೂಮಿನಿಯಂ ಹ್ಯಾಂಡಲನ್ನು ಬದಲಿಸುವುದು ಒಳ್ಳೆಯದು.

ಆ ಮಿತಿಯನ್ನು ಕೆಡಿಸುವುದು ತುಕ್ಕು. ತುಕ್ಕು ತಿಂದ ಒಂದೊಂದು ಗುಳಿಯೂ ಬಿರುಕಿಗೆ ದಾರಿ. ಹೊರಗಿನದು ಕಾಣುತ್ತದೆ, ಒಳಗಿನದೇ ಅಪಾಯ. ಬೆಸೆಯುವಾಗ ಕೊಳವೆಯೊಳಗಿನ ಬಿಸಿ ಗಾಳಿ ಹೊರಹೋಗಲೆಂದು ಪುಟ್ಟ ತೂತು ಬಿಟ್ಟಿರುತ್ತಾರೆ. ಅದರಿಂದಲೇ ಆಮೇಲೆ ನೀರು ಒಳಗೆ ಇಳಿಯುತ್ತದೆ. ಪೆಡಲ್ ಆಕ್ಸಲ್ ಬಿಚ್ಚಿ ಫ್ರೇಮನ್ನು ಬೋರಲು ಹಾಕಿ ತಟ್ಟಿದರೆ ಕೆಂಪು ಪುಡಿ ಉದುರುತ್ತದೆ. ಒಂದು ಚಿಟಿಕೆ ಆದರೆ ಚಿಂತೆಯಿಲ್ಲ, ಚಕ್ಕೆ ಚಕ್ಕೆ ಬಂದರೆ ಟಾರ್ಚ್ ಹಾಕಿ ಒಳಗೆ ನೋಡಲೇಬೇಕು. ತುಕ್ಕು ಬಿಡಿಸಲು ಆಕ್ಸಾಲಿಕ್ ಆಸಿಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆಯುತ್ತದೆ, ಒಳ್ಳೆಯ ಸ್ಟೀಲನ್ನು ಮುಟ್ಟುವುದು ಕಡಿಮೆ. ಪಾಲಕ್ ಸೊಪ್ಪಿನಲ್ಲೂ ಇರುವ ಆಸಿಡ್ಡೇ ಅದು, ಆದರೆ ಪುಡಿಯ ರೂಪದಲ್ಲಿ ಮೂತ್ರಪಿಂಡಕ್ಕೆ ವಿಷ. ತೊಳೆದು, ಪೂರ್ತಿ ಒಣಗಿಸಿ, ಒಳಗೆಲ್ಲ ಅಗಸೆ ಎಣ್ಣೆ ಓಡಿಸಿದರೆ ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪದರವಾಗುತ್ತದೆ.

ಬೇರಿಂಗ್ ಕೆಲಸ ಊರಿನ ಸೈಕಲ್ ಶಾಪಿನಲ್ಲಿ ನಡೆಯುವಂಥದ್ದೇ: ಬಿಚ್ಚಿ, ಒರೆಸಿ, ಹೊಸ ಬಾಲ್ಸು, ಹೊಸ ಗ್ರೀಸ್. ಹ್ಯಾಂಡಲ್ ನೇರಕ್ಕೆ ಬಂದಾಗ ಟಕ್ ಅಂತ ಕೂರುತ್ತಿದ್ದರೆ ಮಾತ್ರ ಬೇರಿಂಗಿನ ರೇಸಿನಲ್ಲಿ (ಬಾಲ್ಸು ಉರುಳುವ ಬಳೆಯಲ್ಲಿ) ಗುಳಿ ಬಿದ್ದಿದೆ ಅಂತ ಅರ್ಥ, ಅದನ್ನು ಬದಲಿಸಬೇಕು.

ಕೊನೆಗೆ ಬಣ್ಣ. ಇಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಮೂಲ ಬಣ್ಣ ಅರ್ಧ ಉಳಿದಿದ್ದರೂ ತೆಗೆಯಬೇಡಿ. ಒರಟು ಮರಳು ಹೊಡೆದು ಉಜ್ಜಿಸಿದರೆ ಅಷ್ಟು ತೆಳುವಾದ ಗೋಡೆ ಇನ್ನೂ ಸವೆಯುತ್ತದೆ, ಕೀಲಿನ ಮೇಲಿನ ಅರದ ಗುರುತೂ ಹೋಗುತ್ತದೆ. ಪೌಡರ್ ಕೋಟಿಂಗ್ ಒಲೆಯ ಬಿಸಿ ಸುಮಾರು 200 ಡಿಗ್ರಿ. ಹಿತ್ತಾಳೆಗೆ ಅದರಿಂದ ಏನೂ ಆಗುವುದಿಲ್ಲ, ಆದರೆ ಆ ದಪ್ಪ ಪದರದ ಕೆಳಗೆ ಕೆಲಸಗಾರನ ಕೈಚಳಕ ಮುಚ್ಚಿಹೋಗುತ್ತದೆ. ಕಿತ್ತ ಜಾಗಕ್ಕಷ್ಟೇ ಬಣ್ಣ ಮುಟ್ಟಿಸಿ, ಮೇಲೆ ವ್ಯಾಕ್ಸ್ ಹಚ್ಚಿದರೆ ನೀರು ತಾಗುವುದಿಲ್ಲ. ಪೂರ್ತಿ ಬಳಿಸಲೇಬೇಕು ಅಂದರೆ, ಪೆಡಲ್ ಶೆಲ್ಲಿನ (ಪೆಡಲ್ ಆಕ್ಸಲ್ ಕೂರುವ ಅಡ್ಡ ಕೊಳವೆಯ) ಕೆಳಗೆ ನಂಬರ್ ಒತ್ತಿದೆಯಾ ನೋಡಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಆ ತಲೆಮಾರಿನ ಕೆಲಸಗಾರರಲ್ಲಿ ಕೆಲವರು ಇವತ್ತಿಗೂ ಫ್ರೇಮ್ ಕಟ್ಟುತ್ತಿದ್ದಾರೆ. ಅವರು ಸಿಕ್ಕರೆ, ಯಾವ ಕೊಳವೆ ಹಾಕಿದ್ದು, ಎಲ್ಲಿ ಹಿತ್ತಾಳೆ, ಎಲ್ಲಿ ಬೆಳ್ಳಿ ಬೆಸುಗೆ ಅಂತ ಬೆಂಕಿ ಹಚ್ಚುವ ಮುಂಚೆಯೇ ಕೇಳಿಕೊಳ್ಳಿ. ಬೆಳ್ಳಿ ಬೆಸುಗೆ 650–700 ಡಿಗ್ರಿಗೇ ಸಡಿಲವಾಗುತ್ತದೆ. ಹಿತ್ತಾಳೆ ಅಂದುಕೊಂಡು ಪಕ್ಕದ ಕೀಲನ್ನು ಕಾಯಿಸಿದರೆ ಬೆಳ್ಳಿಯಲ್ಲಿ ಬೆಸೆದ ಕೇಬಲ್ ಹಿಡಿಕೆಗಳೆಲ್ಲ ಕಳಚಿ ಬೀಳುತ್ತವೆ.