ವೈದ್ಯರೇ ಬರೆದ ಯಂತ್ರ ವಿಮರ್ಶೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಮನೆಯಲ್ಲೇ ರಕ್ತದೊತ್ತಡ ನೋಡಿಕೊಳ್ಳುವ ಯಂತ್ರ ಕಳುಹಿಸುತ್ತೇನೆ ಎಂದು ಬೆಂಗಳೂರಿನಲ್ಲಿರುವ ಮಗಳು ಹೇಳುತ್ತಿದ್ದಾಳೆ. ಯಾವುದು ಒಳ್ಳೆಯದೆಂದು ವಿಚಾರಿಸುತ್ತಿದ್ದಾಗ ಪತ್ರಿಕೆಯೊಂದರಲ್ಲಿ ವೈದ್ಯರೇ ಬರೆದ ವಿಮರ್ಶೆ ಕಣ್ಣಿಗೆ ಬಿತ್ತು. ಅದು ಲೇಖನವೋ ಜಾಹೀರಾತೋ ತಿಳಿಯಲಿಲ್ಲ. ಇಂಥವನ್ನು ಅಚ್ಚು ಹಾಕುವ ಮೊದಲು ಸಂಪಾದಕರು ಏನನ್ನಾದರೂ ಪರಿಶೀಲಿಸುತ್ತಾರೆಯೇ?
– ಪೊನ್ನಂಪೇಟೆ ತಾಲ್ಲೂಕಿನ ಓದುಗರು

ಉತ್ತರ: ಪರಿಶೀಲಿಸಬೇಕು. ಎಲ್ಲರೂ ಪರಿಶೀಲಿಸುತ್ತಾರೆ ಎಂದು ಮಾತ್ರ ಭರವಸೆ ಕೊಡಲಾರೆ. ಹೆಸರಿನ ಮುಂದೆ ಎಂ.ಡಿ. ಎಂದಿದ್ದರೆ ಬರೆದವರಿಗೆ ರೋಗದ ವಿಷಯ ಗೊತ್ತು ಎಂದು ತಿಳಿಯಬಹುದು. ಯಂತ್ರ ಅವರ ಕೈಗೆ ಹೇಗೆ ಬಂತು, ಎಷ್ಟು ಜನರ ಮೇಲೆ ಬಳಸಿ ನೋಡಿದರು, ತಯಾರಿಸಿದ ಕಂಪನಿಯೊಡನೆ ಅವರಿಗೇನು ನಂಟು ಎಂಬುದನ್ನು ಪದವಿ ಹೇಳುವುದಿಲ್ಲ. ಅದನ್ನು ಕೇಳಿ ತಿಳಿಯಬೇಕಾದವರು ಸಂಪಾದಕರು.

ಮೊದಲು ಕೇಳಬೇಕಾದದ್ದು ಹಣದ ವಿಷಯ. ಕೇಳಲು ಹೆಚ್ಚು ಮುಜುಗರವಾಗುವುದೂ ಅದೇ. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಲೇಖನ ಕೊಡುವ ವೈದ್ಯರೇ ಸಂಪಾದಕರ ತಾಯಿಗೆ ಔಷಧಿ ಬರೆದುಕೊಡುವವರೂ ಆಗಿರುತ್ತಾರೆ. ವಾರಕ್ಕೊಮ್ಮೆ ಯಾವುದಾದರೂ ಮದುವೆಯಲ್ಲಿ ಎದುರಾಗುತ್ತಾರೆ. ‘ಡಾಕ್ಟರೇ, ಕಂಪನಿಯವರು ನಿಮಗೇನಾದರೂ ಕೊಟ್ಟಿದ್ದಾರೆಯೇ?’ ಎಂದು ಬಾಯಿ ಬಿಟ್ಟು ಕೇಳುವುದು ಯಾರಿಂದಾದೀತು? ಅದಕ್ಕಾಗಿಯೇ ಎಲ್ಲ ಲೇಖಕರಿಗೂ ಒಂದೇ ನಮೂನೆಯನ್ನು ಕೊಟ್ಟು ತುಂಬಿಸಿಕೊಳ್ಳುವ ಪದ್ಧತಿ ಇದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ರೂಪಿಸಿರುವ ನಮೂನೆಯು ಹಿಂದಿನ 36 ತಿಂಗಳ ಲೆಕ್ಕ ಕೇಳುತ್ತದೆ. ಉಪನ್ಯಾಸದ ಸಂಭಾವನೆ, ಸಲಹಾ ಶುಲ್ಕ, ಷೇರು, ಪೇಟೆಂಟ್, ಸಮ್ಮೇಳನಕ್ಕೆ ಹೋಗಿಬಂದ ಖರ್ಚು, ಪುಕ್ಕಟೆ ಬಂದ ಉಪಕರಣ, ಎಲ್ಲವೂ ಅದರಲ್ಲಿ ಬರಬೇಕು.

ಆದರೆ ನಂಟನ್ನು ಬಹಿರಂಗಪಡಿಸಿದ ಮಾತ್ರಕ್ಕೆ ಅದರ ಪ್ರಭಾವ ಇಲ್ಲವಾಗುವುದಿಲ್ಲ. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯ ಆಗಿನ ಸಂಪಾದಕ ಆರ್ನಾಲ್ಡ್ ರೆಲ್ಮನ್ ಲೇಖಕರ ಹಣಕಾಸಿನ ನಂಟುಗಳನ್ನು ಕೇಳಿ ಪಡೆಯುವ ಕ್ರಮವನ್ನು 1984ರಲ್ಲಿ ತಂದರು. 1990ರಲ್ಲಿ ಆ ಪತ್ರಿಕೆ ಇನ್ನೂ ಬಿಗಿಯಾಯಿತು: ಸಂಪಾದಕೀಯ ಮತ್ತು ಸಮೀಕ್ಷಾ ಲೇಖನ ಬರೆಯುವವರಿಗೆ ಆ ಉತ್ಪನ್ನದ ಕಂಪನಿಯಲ್ಲಾಗಲಿ ಅದರ ಪ್ರತಿಸ್ಪರ್ಧಿಯಲ್ಲಾಗಲಿ ಹಣಕಾಸಿನ ಹಿತಾಸಕ್ತಿ ಇರಲೇಬಾರದು ಎಂದಿತು. 2002ರಲ್ಲಿ, ನಂಟಿಲ್ಲದ ತಜ್ಞರು ಸಿಗುವುದೇ ಕಷ್ಟವೆಂದು ‘ಗಣನೀಯ’ ಹಿತಾಸಕ್ತಿ ಇರಬಾರದು ಎಂದು ಸಡಿಲಿಸಿ, ವರ್ಷಕ್ಕೆ 10,000 ಡಾಲರುಗಳ ಗೆರೆ ಎಳೆಯಿತು. ನನ್ನ ಮತ 1990ರ ನಿಯಮದ ಕಡೆಗೇ. ಅಪರೂಪದ ಚಿಕಿತ್ಸೆಗೆ ತಜ್ಞರ ಬರ ಇರಬಹುದು. ರಕ್ತದೊತ್ತಡದ ಯಂತ್ರದ ಬಗ್ಗೆ ಬರೆಯಲು ನಂಟಿಲ್ಲದ ಒಬ್ಬ ವೈದ್ಯರು ಸಿಗಲಿಲ್ಲ ಎಂದರೆ ಸರಿಯಾಗಿ ಹುಡುಕಲಿಲ್ಲ ಎಂದೇ ಅರ್ಥ.

ನಮ್ಮ ದೇಶದಲ್ಲಿ ವೈದ್ಯರನ್ನೇ ಕಟ್ಟಿಹಾಕುವ ನಿಯಮವೂ ಇದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡತೆಯ ನಿಯಮಾವಳಿಯ ಪ್ರಕಾರ ವೈದ್ಯರ ಹೆಸರು, ಸಹಿ, ಭಾವಚಿತ್ರಗಳನ್ನು ಔಷಧಿ ಅಥವಾ ಉಪಕರಣದ ಜಾಹೀರಾತಿಗೆ ಬಳಸುವಂತಿಲ್ಲ. 2009ರ ಡಿಸೆಂಬರಿನಲ್ಲಿ ಸೇರಿಸಿದ ಭಾಗ ಕಂಪನಿಗಳಿಂದ ಉಡುಗೊರೆ, ಪ್ರಯಾಣ, ಆತಿಥ್ಯ ಪಡೆಯುವುದನ್ನೂ ಯಾವುದೇ ಉತ್ಪನ್ನವನ್ನು ಬಹಿರಂಗವಾಗಿ ಅನುಮೋದಿಸುವುದನ್ನೂ ನಿಷೇಧಿಸಿತು. 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಬಂದು, ಅದೇ ತಿಂಗಳು ತಡೆಹಿಡಿಯಲ್ಪಟ್ಟು, 2002ರದ್ದೇ ಮತ್ತೆ ಜಾರಿಗೆ ಬಂತು.

ಹಾಗಾದರೆ ವೈದ್ಯರು ವಿಮರ್ಶೆಯನ್ನೇ ಬರೆಯಬಾರದೇ? ಬರೆಯಬಹುದು. ಯಂತ್ರ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ, ಯಾರಿಗೆ ಹೊಂದುವುದಿಲ್ಲ ಎಂದು ವಿವರಿಸುವುದು ಒಂದು. ‘ಇದನ್ನೇ ಕೊಳ್ಳಿ’ ಎನ್ನುವುದು ಇನ್ನೊಂದು. ದೋಷದ ಒಂದು ಸಾಲೂ ಇಲ್ಲದೆ, ಬೇರೆ ಮಾದರಿಯ ಹೆಸರೂ ಇಲ್ಲದೆ, ಕೊನೆಗೆ ಬೆಲೆ ಮತ್ತು ಸಿಗುವ ಅಂಗಡಿಯ ವಿವರವಿದ್ದರೆ ಅದಕ್ಕೆ ‘ಜಾಹೀರಾತು’ ಎಂಬ ಪಟ್ಟಿ ಹಚ್ಚಿಯೇ ಮುದ್ರಿಸಬೇಕು. ಸುದ್ದಿಗೂ ಜಾಹೀರಾತಿಗೂ ವ್ಯತ್ಯಾಸ ಕಾಣುವಂತಿರಬೇಕೆಂದು ಭಾರತೀಯ ಪತ್ರಿಕಾ ಮಂಡಳಿಯ ನಡತೆಯ ಸೂತ್ರಗಳೂ ಹೇಳುತ್ತವೆ. ಪ್ರಾಮಾಣಿಕವಾಗಿ ಬರೆದ ವಿಮರ್ಶೆಯನ್ನೂ ಕಂಪನಿಯವರು ಕತ್ತರಿಸಿ, ವೈದ್ಯರ ಭಾವಚಿತ್ರ ಸಮೇತ ಔಷಧಿ ಅಂಗಡಿಯ ಗಾಜಿಗೆ ಅಂಟಿಸಬಹುದು. ಆಗ ಅದು ಜಾಹೀರಾತೇ ಆಯಿತು, ತೊಂದರೆ ವೈದ್ಯರಿಗೆ. ಮರುಮುದ್ರಣದ ಹಕ್ಕನ್ನು ಕಂಪನಿಗೆ ಕೊಡುವುದಿಲ್ಲ, ಪ್ರಕಟಣೆಗೆ ಮೊದಲು ಕರಡನ್ನು ತೋರಿಸುವುದೂ ಇಲ್ಲ ಎಂದು ಪತ್ರಿಕೆ ಮೊದಲೇ ಬರೆದಿಟ್ಟುಕೊಳ್ಳಬೇಕು.

ಇನ್ನು ಯಂತ್ರದ ಪರೀಕ್ಷೆ. ‘ನನ್ನ ಕ್ಲಿನಿಕ್ಕಿನಲ್ಲಿ ಬಳಸಿದೆ, ಚೆನ್ನಾಗಿದೆ’ ಎಂಬುದು ಅನುಭವ, ಅದಕ್ಕೂ ಬೆಲೆಯಿದೆ. ಆದರೆ ರಕ್ತದೊತ್ತಡ ಯಂತ್ರದ ನಿಖರತೆಗೆ ಅಂತರರಾಷ್ಟ್ರೀಯ ಮಾನದಂಡವೇ ಇದೆ: ಕನಿಷ್ಠ 85 ಜನರ ಮೇಲೆ ಪ್ರಮಾಣಿತ ಅಳತೆಯೊಡನೆ ಹೋಲಿಸಿ ನೋಡಬೇಕು, ಸರಾಸರಿ ವ್ಯತ್ಯಾಸ 5 ಮಿ.ಮೀ. ಪಾದರಸವನ್ನು ಮೀರಬಾರದು. ಇಂಥ ಪರೀಕ್ಷೆ ದಾಟಿದ ಮಾದರಿಗಳ ಪಟ್ಟಿಯನ್ನು ‘ಸ್ಟ್ರೈಡ್ ಬಿಪಿ’ ಎಂಬ ಸಂಸ್ಥೆ ಇಟ್ಟಿದೆ. ಗಮನಿಸಿ, ಪಟ್ಟಿಯಲ್ಲಿರುವುದು ಮಾದರಿಗಳು. ಒಂದೇ ಕಂಪನಿಯ ಒಂದು ಮಾದರಿ ದಾಟಿದ್ದು ಇನ್ನೊಂದು ಪರೀಕ್ಷೆಗೇ ಹೋಗಿರದಿರಬಹುದು. ಆದ್ದರಿಂದ ಮಾದರಿಯ ಸಂಖ್ಯೆ ಬರೆಯದ ವಿಮರ್ಶೆಯನ್ನು ಸಂಪಾದಕರು ಲೇಖಕರಿಗೇ ಹಿಂದಿರುಗಿಸಬೇಕು.

ಪೆಟ್ಟಿಗೆಯ ಮೇಲಿನ ಪರವಾನಗಿ ಸಂಖ್ಯೆಯನ್ನೂ ನೋಡಬೇಕು. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ವಿಂಗಡಿಸಿವೆ. ಎ ಮತ್ತು ಬಿ ವರ್ಗಕ್ಕೆ 2022ರ ಅಕ್ಟೋಬರಿನಿಂದ, ಸಿ ಮತ್ತು ಡಿ ವರ್ಗಕ್ಕೆ 2023ರ ಅಕ್ಟೋಬರಿನಿಂದ ಪರವಾನಗಿ ಕಡ್ಡಾಯವಾಯಿತು. ಅದು ಮಾರಲು ಕೊಟ್ಟ ಅನುಮತಿ. ‘ಸರ್ಕಾರ ಮೆಚ್ಚಿದ ಯಂತ್ರ’ ಎಂದು ಬರೆದುಕೊಂಡು ಬಂದರೆ ಆ ಸಾಲಿನ ಮೇಲೆ ಗೆರೆ ಎಳೆಯುವುದು ಸಂಪಾದಕರ ಕೆಲಸ.

ವಿಮರ್ಶೆಯಲ್ಲಿ ನನಗೆ ಹೆಚ್ಚು ಬೇಕೆನಿಸುವುದು ವೈದ್ಯರಷ್ಟೇ ಬರೆಯಬಲ್ಲ ಭಾಗ. ನಾಡಿ ತಪ್ಪಿ ಬಡಿಯುವವರಲ್ಲಿ ಸ್ವಯಂಚಾಲಿತ ಯಂತ್ರದ ಅಂಕಿ ಅಷ್ಟು ನಂಬಿಕೆಗೆ ಅರ್ಹವಲ್ಲ. ರಕ್ತಹೀನತೆ ಇದ್ದವರಲ್ಲಿ ಹಲವು ಗ್ಲುಕೋಮೀಟರುಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ. ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಹೋಗುವ ಆರೋಗ್ಯ ಕಾರ್ಯಕರ್ತೆಗೆ ಇದು ತಿಳಿದಿರಬೇಕಲ್ಲವೇ? ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಗ್ಲುಕೋಮೀಟರಿನ ಪಟ್ಟಿಗಳಿಗೆ ತೇವ ಆಗದು. ಬಟ್ಟೆಯೇ ಒಣಗದ ನಮ್ಮ ಆಷಾಢದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಅಂಕಿ ಕೆಡುತ್ತದೆ. ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ, ಚಾರ್ಜ್ ಮಾಡಬೇಕಾದ ಯಂತ್ರಕ್ಕಿಂತ ಸೆಲ್ ಹಾಕುವ ಯಂತ್ರ ಮೇಲು. ಮಹಾನಗರದ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಬರೆದ ವಿಮರ್ಶೆಯಲ್ಲಿ ಇವು ಸಿಗುವುದು ಅಪರೂಪ. ಎಲ್ಲಿ, ಯಾವ ಕಾಲದಲ್ಲಿ, ಎಂಥ ರೋಗಿಗಳ ಮೇಲೆ ನೋಡಿದಿರಿ ಎಂದು ಕೇಳಿ ಬರೆಸಿಕೊಳ್ಳುವ ಸಂಪಾದಕರಿದ್ದರೆ ಮಾತ್ರ ಸಿಗುತ್ತವೆ.

ನೀವು ಓದಿದ ವಿಮರ್ಶೆಯನ್ನು ಮತ್ತೊಮ್ಮೆ ತೆಗೆದು ನೋಡಿ. ಯಂತ್ರವನ್ನು ಕೊಂಡದ್ದೋ ಕಂಪನಿ ಕೊಟ್ಟದ್ದೋ, ಮಾದರಿ ಯಾವುದು, ದೋಷ ಏನು ಎಂಬುದು ಕಾಣದಿದ್ದರೆ ಅದರ ಮೇಲೆ ಭಾರ ಹಾಕಬೇಡಿ. ಪತ್ರಿಕೆಗೆ ಪತ್ರ ಬರೆದು ಕೇಳಿ. ಮಗಳಿಗೆ ಮಾದರಿಯ ಸಂಖ್ಯೆಯ ಜೊತೆಗೆ ನಿಮ್ಮ ತೋಳಿನ ಸುತ್ತಳತೆಯನ್ನೂ ಹೇಳಿ. ಸಾಮಾನ್ಯವಾಗಿ ಯಂತ್ರದೊಂದಿಗೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ ಹೊಂದುವಂಥದ್ದು, ಚಿಕ್ಕ ಪಟ್ಟಿಯನ್ನು ದಪ್ಪ ತೋಳಿಗೆ ಬಿಗಿದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಯಂತ್ರ ಬಂದ ಮೇಲೆ ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಅದನ್ನೂ ಕೊಂಡೊಯ್ದು, ಅವರ ಯಂತ್ರದ ಅಂಕಿಯೊಡನೆ ತಾಳೆ ನೋಡಿಸಿಕೊಳ್ಳಿ.